ಮಳೆಗಾಲದಲ್ಲಿ ಉಬ್ಬುವ ರವೆ ಇಡ್ಲಿ ಪ್ಯಾಕೆಟ್: ಸ್ಪ್ರೇ ಚಿಲ್ಲಿಂಗ್ ಮಾಡಿದ ನಿಂಬೆ ಉಪ್ಪು ಪರಿಹಾರವೇ?

ಹಾನುಬಾಳು ಅಡುಗೆಮನೆ · ಆಗಸ್ಟ್ 6

ನಾವು ನಾಲ್ವರು ಹೆಂಗಸರು ಸೇರಿ ಸಕಲೇಶಪುರ ತಾಲ್ಲೂಕಿನ ಹಾನುಬಾಳು ಬಳಿ ರವೆ ಇಡ್ಲಿ ಮಿಕ್ಸ್ ತಯಾರಿಸುತ್ತೇವೆ. ತಿಂಗಳಿಗೆ ಸುಮಾರು 150 ಕೆಜಿ. ಅರ್ಧ ಕೆಜಿ ಪ್ಯಾಕೆಟ್‌ಗಳು ಸಕಲೇಶಪುರ, ಹಾಸನದ ಅಂಗಡಿಗಳಿಗೆ ಹೋಗುತ್ತವೆ. 5 ಕೆಜಿಯ ದೊಡ್ಡ ಚೀಲಗಳನ್ನು ಸುತ್ತಮುತ್ತಲಿನ ಹೋಂಸ್ಟೇಗಳು ಕೊಳ್ಳುತ್ತವೆ. ಮೊಸರು ಬೇಕಿಲ್ಲ, ನೀರು ಹಾಕಿ ಕಲಸಿ ಹತ್ತು ನಿಮಿಷ ಬಿಟ್ಟು ಹಬೆಗಿಟ್ಟರೆ ಸಾಕು ಎಂಬುದೇ ನಮ್ಮ ಮಿಕ್ಸ್‌ನ ಹೆಚ್ಚುಗಾರಿಕೆ. ಒಂದು ಕೆಜಿಗೆ 10 ಗ್ರಾಂ ಅಡುಗೆ ಸೋಡಾ, 8 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ), 18 ಗ್ರಾಂ ಉಪ್ಪು, ಒಗ್ಗರಣೆ, ಚಿಟಿಕೆ ಅರಿಸಿನ.

ಫೆಬ್ರವರಿಯಿಂದ ಮೇ ತನಕ ಒಂದೇ ಒಂದು ದೂರು ಇರಲಿಲ್ಲ. ಆರಿದ್ರಾ ಮಳೆ ಹಿಡಿದುಕೊಂಡ ಮೇಲೆ ಶುರುವಾಯಿತು. ಪುಷ್ಯ ಮಳೆಯ ಹೊತ್ತಿಗೆ ಅಂಗಡಿಯೊಂದರಿಂದ 46 ಪ್ಯಾಕೆಟ್‌ಗಳು ಹಿಂದಕ್ಕೆ ಬಂದವು. ಎಲ್ಲವೂ ದಿಂಬಿನಂತೆ ಉಬ್ಬಿದ್ದವು. ಕತ್ತರಿಸಿದರೆ ಬೂಷ್ಟು ಇಲ್ಲ, ಹುಳುವಿಲ್ಲ, ಕೆಟ್ಟ ವಾಸನೆಯೂ ಇಲ್ಲ. ಆದರೆ ಇಡ್ಲಿ ಮಾಡಿದರೆ ಬಿಲ್ಲೆ. ಮೇ ತಿಂಗಳಲ್ಲಿ ಹತ್ತಿಯಂತೆ ಏಳುತ್ತಿದ್ದ ಅದೇ ಮಿಕ್ಸ್. ಹಿಂದಕ್ಕೆ ಬಂದ ಆ ರಾಶಿಯನ್ನು ನೋಡಿ ನಮ್ಮಲ್ಲಿ ಒಬ್ಬರು ಅತ್ತೇಬಿಟ್ಟರು. ಅವರ ಮಗಳ ಕಾಲೇಜು ಶುಲ್ಕ ಈ ದುಡ್ಡಿನಿಂದಲೇ ಹೋಗಬೇಕಿತ್ತು.

ತರಬೇತಿಯೊಂದರಲ್ಲಿ ‘ಸ್ಪ್ರೇ ಚಿಲ್ಲಿಂಗ್ ಮಾಡಿದ ಸಿಟ್ರಿಕ್ ಆಮ್ಲ’ ಎಂಬ ಮಾತು ಕಿವಿಗೆ ಬಿದ್ದಿತ್ತು. ಕೊಬ್ಬಿನೊಳಗೆ ಹುಳಿಯನ್ನು ಹುದುಗಿಸಿಡುತ್ತಾರೆ, ಬಿಸಿಯಾದಾಗ ಮಾತ್ರ ಅದು ಹೊರಬರುತ್ತದೆ ಎಂದು ಹೇಳಿದರು. ಅಷ್ಟರಲ್ಲಿ ಊಟದ ಗಂಟೆಯಾಯಿತು, ಮುಂದಿನದು ತಿಳಿಯಲಿಲ್ಲ. ಇದು ನಮ್ಮಂಥವರಿಗೆ ಎಟಕುವ ವಿಷಯವೇ? ಯಂತ್ರ ಬೇಕೇ? ಸಿದ್ಧವಾಗಿ ಸಿಗುತ್ತದೆಯೇ? ಅದರಿಂದ ನಮ್ಮ ಪ್ಯಾಕೆಟ್ ಉಳಿಯುತ್ತದೆಯೇ? ಅನುಭವ ಇರುವವರು ದಯವಿಟ್ಟು ಬಿಡಿಸಿ ಹೇಳಿ.

ಹೇಮಾವತಿ ದಂಡೆ · ಆಗಸ್ಟ್ 7

ಆಹಾರ ಕಾರ್ಖಾನೆಗಳ ಉತ್ಪಾದನಾ ವಿಭಾಗದಲ್ಲಿ 22 ವರ್ಷ ದುಡಿದು ಈಗ ಹಾಸನದಲ್ಲಿದ್ದೇನೆ. ನಿಮ್ಮ 46 ಪ್ಯಾಕೆಟ್‌ಗಳನ್ನು ಓದಿ ಸುಮ್ಮನಿರಲು ಮನಸ್ಸಾಗಲಿಲ್ಲ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ರೋಗ ಯಾವುದು ಎಂದು ತಿಳಿಯೋಣ. ನಿಮ್ಮ ಪ್ಯಾಕೆಟ್‌ನೊಳಗೆ ಇಡ್ಲಿ ಪಾತ್ರೆಯಲ್ಲಿ ಆಗಬೇಕಾದ ಕೆಲಸ ಆಗುತ್ತಿದೆ. ಸೋಡಾ ಮತ್ತು ನಿಂಬೆ ಉಪ್ಪು ಒಣಗಿರುವ ತನಕ ಅಕ್ಕಪಕ್ಕ ಮಲಗಿರುತ್ತವೆ. ಒಂದಿಷ್ಟು ತೇವ ಸಿಕ್ಕರೆ ಕೂಡಿಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಅದಕ್ಕಿಂತ ಕೆಟ್ಟ ಸಂಗತಿಯೆಂದರೆ, ಆ ಕ್ರಿಯೆಯಿಂದ ಹೊಸದಾಗಿ ನೀರೂ ಹುಟ್ಟುತ್ತದೆ. ಆ ನೀರು ಪಕ್ಕದ ಹರಳುಗಳನ್ನು ತೋಯಿಸುತ್ತದೆ. ಹೀಗೆ ಒಂದು ಮೂಲೆಯಲ್ಲಿ ಹತ್ತಿದ್ದು ಇಡೀ ಪ್ಯಾಕೆಟ್‌ಗೆ ಹಬ್ಬುತ್ತದೆ. ಅರ್ಧ ಕೆಜಿಯಲ್ಲಿರುವ 5 ಗ್ರಾಂ ಸೋಡಾ ಪೂರ್ತಿ ಖರ್ಚಾದರೆ ಒಂದೂಕಾಲು ಲೀಟರಿಗೂ ಹೆಚ್ಚು ಅನಿಲ ಬರುತ್ತದೆ. ದಿಂಬಾಗದೆ ಇನ್ನೇನಾದೀತು?

ತೇವ ಎಲ್ಲಿಂದ ಬಂತು? ಮಲೆನಾಡಿನ ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುವುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಗಾಳಿಯ ಆರ್ದ್ರತೆ ಸುಮಾರು ಶೇಕಡಾ 75 ದಾಟಿದರೆ ಅಡುಗೆ ಉಪ್ಪು ತಾನೇ ನೀರನ್ನು ಎಳೆದುಕೊಳ್ಳುತ್ತದೆ. ನಿಂಬೆ ಉಪ್ಪಿನ ಗಡಿಯೂ ಅದರ ಆಸುಪಾಸಿನಲ್ಲೇ ಇದೆ. ಎರಡನ್ನೂ ಬೆರೆಸಿದಾಗ ಆ ಗಡಿ ಇನ್ನೂ ಕೆಳಗಿಳಿಯುತ್ತದೆ. ಅಂದರೆ ಬಿಡಿಬಿಡಿಯಾಗಿ ಒಣಗಿರಬಲ್ಲ ಪದಾರ್ಥಗಳು ಜೊತೆಯಾದಾಗ ಒದ್ದೆಯಾಗುತ್ತವೆ. ರವೆಯಲ್ಲೂ ನೂರಕ್ಕೆ ಹನ್ನೆರಡು ಹದಿಮೂರು ಪಾಲು ನೀರು ಇರುವುದು ಸಹಜ.

ನೀವು ಕೊಳ್ಳುವ ನಿಂಬೆ ಉಪ್ಪಿನ ಚೀಲದ ಮೇಲೆ ‘ಮೊನೊಹೈಡ್ರೇಟ್’ ಎಂದಿದೆಯೇ, ‘ಅನ್‌ಹೈಡ್ರಸ್’ ಎಂದಿದೆಯೇ ಇವತ್ತೇ ನೋಡಿ. ಎರಡನೆಯದು ನೀರಿಲ್ಲದ್ದು. ಮೊನೊಹೈಡ್ರೇಟ್ ಆಗಿದ್ದರೆ ಅದರ ತೂಕದ ಶೇಕಡಾ 8.6ರಷ್ಟು ನೀರೇ. ನೀವೇ ಕೈಯಾರೆ ನೀರನ್ನು ಪ್ಯಾಕೆಟ್‌ಗೆ ತುಂಬಿದಂತೆ.

ಇನ್ನು ಸ್ಪ್ರೇ ಚಿಲ್ಲಿಂಗ್. ಗಟ್ಟಿ ಕೊಬ್ಬನ್ನು ಕರಗಿಸಿ, ನುಣ್ಣಗೆ ಪುಡಿ ಮಾಡಿದ ಪದಾರ್ಥವನ್ನು ಅದರಲ್ಲಿ ಕಲಸಿ, ತಣ್ಣನೆಯ ಗಾಳಿ ತುಂಬಿದ ಎತ್ತರದ ಕೋಣೆಯೊಳಗೆ ಸಣ್ಣ ಹನಿಗಳಾಗಿ ಸಿಡಿಸುತ್ತಾರೆ. ಹನಿ ಕೆಳಗೆ ಬೀಳುವಷ್ಟರಲ್ಲಿ ಗಟ್ಟಿಯಾಗಿ ಕಾಳಾಗಿರುತ್ತದೆ. ಕಾಳಿನ ಗಾತ್ರ ಕೆಲವು ಹತ್ತು ಮೈಕ್ರಾನ್‌ಗಳಿಂದ ಕೆಲವು ನೂರು ಮೈಕ್ರಾನ್‌ಗಳ ತನಕ, ಹೆಚ್ಚೆಂದರೆ ಸಣ್ಣ ರವೆಯಷ್ಟು. ಹಾಲಿನ ಪುಡಿ ಮಾಡುವ ಸ್ಪ್ರೇ ಡ್ರೈಯಿಂಗ್‌ಗೆ ಇದು ತೀರಾ ಉಲ್ಟಾ. ಅಲ್ಲಿ 150ರಿಂದ 200 ಡಿಗ್ರಿಯ ಗಾಳಿ ನೀರನ್ನು ಆವಿಯಾಗಿಸುತ್ತದೆ. ಇಲ್ಲಿ ಆವಿಯಾಗುವುದು ಏನೂ ಇಲ್ಲ, ಕೊಬ್ಬಿನ ಶಾಖವನ್ನು ಮಾತ್ರ ಗಾಳಿ ಕಿತ್ತುಕೊಳ್ಳುತ್ತದೆ. ಹಾಗಾಗಿ ವಿಟಮಿನ್, ಕಿಣ್ವ, ಒಳ್ಳೆಯ ಬ್ಯಾಕ್ಟೀರಿಯಾಗಳಂಥ ನಾಜೂಕಿನ ವಸ್ತುಗಳಿಗೂ ಈ ವಿಧಾನವನ್ನು ಬಳಸುತ್ತಾರೆ.

ನಿಮ್ಮ ಪ್ರಶ್ನೆಯ ತಿರುಳು ಒಂದೇ: ಬೀಗ ಯಾವಾಗ ತೆರೆಯಬೇಕು? ಸ್ಪ್ರೇ ಡ್ರೈಯಿಂಗ್‌ನಲ್ಲಿ ಗೋಂದು, ಪಿಷ್ಟದಿಂದ ಮಾಡುವ ಮಾಲ್ಟೋಡೆಕ್ಸ್‌ಟ್ರಿನ್ ಮುಂತಾದವುಗಳ ಗೋಡೆ ಇರುತ್ತದೆ. ಅದಕ್ಕೆ ನೀರೇ ಬೀಗದ ಕೈ. ಹಿಟ್ಟು ಕಲಸಿದ ಕ್ಷಣವೇ ತೆರೆದುಕೊಂಡರೆ ನಿಮಗೆ ಪ್ರಯೋಜನವಿಲ್ಲ. ಕೊಬ್ಬಿನ ಗೋಡೆಗೆ ಶಾಖ ಬೀಗದ ಕೈ. ಪ್ಯಾಕೆಟ್‌ನ ತೇವಕ್ಕೆ ಅದು ಜಗ್ಗುವುದಿಲ್ಲ, ಕಲಸಿದ ನೀರಿಗೂ ಬಹುಮಟ್ಟಿಗೆ ಜಗ್ಗುವುದಿಲ್ಲ, ಹಬೆಗೆ ಕರಗುತ್ತದೆ. ನಿಮ್ಮ ಮಿಕ್ಸ್‌ಗೆ ಹೇಳಿ ಮಾಡಿಸಿದ ಗುಣ ಇದು. ಎರಡರಲ್ಲಿ ಒಂದನ್ನು ಹುದುಗಿಸಿದರೆ ಸಾಕು. ನೀವು ಮೊಸರು ಹಾಕದಿರುವುದರಿಂದ ಹುಳಿಯನ್ನು ಹುದುಗಿಸಬಹುದು. ಮೊಸರು ಹಾಕುವ ಮಿಕ್ಸ್ ಆಗಿದ್ದರೆ ಸೋಡಾವನ್ನೇ ಹುದುಗಿಸಬೇಕಾಗುತ್ತಿತ್ತು.

ಆದರೆ ಕೊಬ್ಬಿನ ಕರಗುವ ಬಿಂದುವನ್ನು ಕೇಳದೆ ಕೊಳ್ಳಬೇಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಗೋಧಿಯ ಪಿಷ್ಟ ಸುಮಾರು 58ರಿಂದ 65 ಡಿಗ್ರಿಯ ನಡುವೆ ನೀರು ಹೀರಿ ಕಟ್ಟಿಕೊಳ್ಳತೊಡಗುತ್ತದೆ. ಇಡ್ಲಿಯ ಮೈ ಕಟ್ಟಿಕೊಳ್ಳುವ ಮೊದಲೇ ಅನಿಲ ಬರಬೇಕು. 82 ಡಿಗ್ರಿ ದಾಟಿದ ಮೇಲೆ ಕರಗುವ ಕಾರ್ನೌಬಾ ಮೇಣದಲ್ಲಿ ಹುದುಗಿಸಿದ ಹುಳಿ ತಂದರೆ, ಇಡ್ಲಿ ಕಟ್ಟಿದ ಮೇಲೆ ಅನಿಲ ನುಗ್ಗಿ ನೆತ್ತಿ ಬಿರಿಯುತ್ತದೆ, ಹೊಟ್ಟೆ ಗಟ್ಟಿಯಾಗಿಯೇ ಉಳಿಯುತ್ತದೆ. ಜೇನುಮೇಣದ್ದು 62–64, ಅದೂ ಅಂಚಿನಲ್ಲಿದೆ. ನಿಮಗೆ 50ರಿಂದ 58ರ ನಡುವೆ ಕರಗುವ ಕೊಬ್ಬು ಹೊಂದೀತು. ಇನ್ನೂ ಕೆಳಗೆ ಹೋದರೆ ಏಪ್ರಿಲ್‌ನಲ್ಲಿ ಬಿಸಿಲಲ್ಲಿ ನಿಂತ ಗಾಡಿಯೊಳಗೆ ಕಾಳುಗಳು ಮೆತ್ತಗಾಗಿ ಅಂಟಿಕೊಳ್ಳುತ್ತವೆ. ಸಕಲೇಶಪುರದ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಅದರಿಂದ ತೊಂದರೆಯಿಲ್ಲ.

ಯಂತ್ರ ಬೇಡವೇ ಬೇಡ. ಲೆಕ್ಕ ಹಾಕಿ: 150 ಕೆಜಿ ಮಿಕ್ಸ್‌ಗೆ ನಿಮಗೆ ಬೇಕಾದ ಹುಳಿ 1.2 ಕೆಜಿ. ಅರ್ಧ ಹುಳಿ, ಅರ್ಧ ಕೊಬ್ಬು ಇರುವ ಕಾಳಾದರೆ 2.4 ಕೆಜಿ. ಇಷ್ಟಕ್ಕೆ ಗೋಪುರದಂಥ ಯಂತ್ರ ಯಾರು ಹೂಡುತ್ತಾರೆ? ಬೇಕರಿ, ಮಾಂಸ, ಮಿಠಾಯಿ ಉದ್ಯಮಗಳಿಗೆ ಹೀಗೆ ಕೊಬ್ಬು ಹೊದಿಸಿದ ಆಮ್ಲ ಸಿದ್ಧವಾಗಿಯೇ ತಯಾರಾಗುತ್ತದೆ. ಬೆಂಗಳೂರಿನ ಆಹಾರ ಪದಾರ್ಥಗಳ ಸಗಟು ವ್ಯಾಪಾರಿಗಳಲ್ಲಿ ಮಾದರಿ ಕೇಳಿ. ತಾಂತ್ರಿಕ ಸಲಹೆ ಬೇಕಾದರೆ ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐಗೆ ಪತ್ರ ಬರೆಯಿರಿ. 1950ರಲ್ಲಿ ಶುರುವಾದ ಆ ಸಂಸ್ಥೆ ಇರುವುದೇ ಇಂಥ ಪ್ರಶ್ನೆಗಳಿಗಾಗಿ.

ಮಾದರಿ ಬಂದ ದಿನ ಹೀಗೆ ಪರೀಕ್ಷಿಸಿ. ತಣ್ಣೀರಿನಲ್ಲಿ ಒಂದು ಚಮಚ ಅಡುಗೆ ಸೋಡಾ ಕರಗಿಸಿ, ಅದಕ್ಕೆ ಒಂದು ಚಮಚ ಕಾಳು ಹಾಕಿ ಕಲಕಿ. ಅಲ್ಲೊಂದು ಇಲ್ಲೊಂದು ಗುಳ್ಳೆ ಬಂದರೆ ಚಿಂತೆಯಿಲ್ಲ. ಸ್ಪ್ರೇ ಚಿಲ್ಲಿಂಗ್‌ನ ಕಾಳು ನೆಲಗಡಲೆಯಂತೆ ಸಿಪ್ಪೆ ಬೇರೆ, ಬೀಜ ಬೇರೆ ಅಲ್ಲ. ಕಡಲೆಕಾಯಿ ಚಿಕ್ಕಿಯಲ್ಲಿ ಬೀಜಗಳು ಸಿಕ್ಕಿಕೊಂಡಿರುವಂತೆ ಕೊಬ್ಬಿನ ತುಂಬ ಹುಳಿಯ ಹರಳುಗಳು ಸಿಕ್ಕಿಕೊಂಡಿರುತ್ತವೆ. ಮೇಲ್ಮೈಯಲ್ಲಿ ಕೆಲವು ಬೆತ್ತಲೆಯಾಗಿಯೇ ಇರುತ್ತವೆ. ಆದರೆ ನೊರೆ ಉಕ್ಕಿದರೆ ಆ ಮಾಲು ಬೇಡ. ಆಮೇಲೆ ಅದೇ ಲೋಟವನ್ನು ಬಿಸಿನೀರಿನಲ್ಲಿಟ್ಟು ಎಷ್ಟು ಡಿಗ್ರಿಗೆ ಉಕ್ಕುತ್ತದೆ ಎಂದು ಉಷ್ಣಮಾಪಕದಲ್ಲಿ ನೋಡಿ ಬರೆದಿಟ್ಟುಕೊಳ್ಳಿ. ಇದೇ ಪರೀಕ್ಷೆಯನ್ನು ಒಂದು ತಿಂಗಳು ಬಿಟ್ಟು ಮತ್ತೆ ಮಾಡಿ. ತುಪ್ಪವನ್ನು ಬೇಗ ತಣಿಸಿದರೆ ನುಣ್ಣಗೆ, ನಿಧಾನವಾಗಿ ತಣಿಸಿದರೆ ಮರಳುಮರಳಾಗಿ ಗಟ್ಟಿಯಾಗುತ್ತದಲ್ಲವೇ? ಒಂದೇ ಕೊಬ್ಬು ಬೇರೆ ಬೇರೆ ಬಗೆಯ ಹರಳಾಗಬಲ್ಲದು. ತಟ್ಟನೆ ತಣಿಸಿದ ಕಾಳಿನ ಕೊಬ್ಬು ಅಸ್ಥಿರವಾದ ಹರಳಾಗಿರುತ್ತದೆ. ವಾರಗಳು ಕಳೆದಂತೆ ಅದು ಒತ್ತೊತ್ತಾಗಿ ಮರುಜೋಡಣೆಗೊಂಡು ಒಳಗಿದ್ದುದನ್ನು ಹೊರಗೆ ತಳ್ಳಬಹುದು. ಹೊಸದರಲ್ಲಿ ಗೆದ್ದ ಮಾಲು ಹಳೆಯದಾದ ಮೇಲೆ ಸೋಲುವುದು ಹೀಗೆ.

ಬಾಬಾಬುಡನ್ ತಪ್ಪಲು · ಆಗಸ್ಟ್ 7

ಮೇಲಿನವರು ಯಂತ್ರ ಬೇಡ ಎಂದರು. ಮನೆಯಲ್ಲೇ ಮಾಡಿ ನೋಡೋಣ ಎಂಬ ಆಸೆಯೂ ಬೇಡ ಎಂದು ನಾನು ಸೇರಿಸುತ್ತೇನೆ, ಏಕೆಂದರೆ ನಾನು ಮಾಡಿದ್ದೇನೆ.

ಚಿಕ್ಕಮಗಳೂರು ಗಿರಿ ತಪ್ಪಲಿನಲ್ಲಿ ನಮ್ಮದು ಕಾಫಿ, ಜೊತೆಗೆ ಒಂದಿಷ್ಟು ಏಲಕ್ಕಿ. ಏಲಕ್ಕಿ ಎಣ್ಣೆಯನ್ನು ಜೇನುಮೇಣದಲ್ಲಿ ಹುದುಗಿಸಿ ಚಹಾ ಪುಡಿಗೆ ಬೆರೆಸಬೇಕೆಂದು ಎರಡು ವರ್ಷದ ಹಿಂದೆ ಹೊರಟೆ. ಜನವರಿಯ ಬೆಳಗಿನ ಜಾವ, ಗೋದಾಮಿನಲ್ಲಿ 13 ಡಿಗ್ರಿ ಇತ್ತು, ತಣ್ಣನೆಯ ಕೋಣೆ ಪುಕ್ಕಟೆಯಾಗಿ ಸಿಕ್ಕಿತು ಎಂದುಕೊಂಡೆ. ಮೇಣವನ್ನು 75 ಡಿಗ್ರಿಗೆ ಕರಗಿಸಿ ಹೊಸ ಕೈ ಸ್ಪ್ರೇಯರ್‌ಗೆ ಸುರಿದು ಒತ್ತಡ ಕೊಟ್ಟೆ. ಎರಡು ಕ್ಷಣ ಹನಿ ಬಂತು. ಆಮೇಲೆ ಹಿತ್ತಾಳೆಯ ಮೂತಿ ತಣ್ಣಗಿದ್ದುದರಿಂದ ಮೇಣ ಅಲ್ಲೇ ಹೆಪ್ಪುಗಟ್ಟಿತು. ಒತ್ತಡ ಏರಿ ಕೊಳವೆ ಕಳಚಿ ಮಣಿಕಟ್ಟಿನ ಮೇಲೆ ಬಿಸಿ ಮೇಣ ಸುರಿಯಿತು. ನೀರಿನಂತೆ ಅದು ಜಾರಿಹೋಗುವುದಿಲ್ಲ, ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ. ಕಲೆ ಈಗಲೂ ಇದೆ. ಕಾರ್ಖಾನೆಗಳಲ್ಲಿ ಪಾತ್ರೆ, ಕೊಳವೆ, ಮೂತಿ ಎಲ್ಲವನ್ನೂ ಕೊಬ್ಬಿನ ಕರಗುವ ಬಿಂದುವಿಗಿಂತ ಮೇಲೆಯೇ ಬಿಸಿಯಾಗಿಡುತ್ತಾರೆ ಎಂದು ಆಮೇಲೆ ತಿಳಿಯಿತು.

ಮೂತಿಯನ್ನು ಬಿಸಿನೀರಿನಲ್ಲಿ ಅದ್ದಿ ಮತ್ತೆ ಪ್ರಯತ್ನಿಸಿದಾಗ ಕಾಳು ಬಂತು. ಕೆಲವು ರಾಗಿಯಷ್ಟು, ಕೆಲವು ಹತ್ತಿಯ ಎಳೆಯಂತೆ. ತಿಂಗಳಲ್ಲಿ ಪರಿಮಳ ಅರ್ಧಕ್ಕಿಳಿಯಿತು. ಏಲಕ್ಕಿ ಎಣ್ಣೆ ಮೇಣದಲ್ಲಿ ಕರಗಿ ಬೆರೆತುಹೋಗುವುದರಿಂದ ನಿಧಾನವಾಗಿ ಹೊರಕ್ಕೆ ಜಿನುಗುತ್ತದೆ. ನಿಂಬೆ ಉಪ್ಪು ಕೊಬ್ಬಿನಲ್ಲಿ ಕರಗುವುದೇ ಇಲ್ಲ, ಹರಳಾಗಿಯೇ ಕುಳಿತಿರುತ್ತದೆ. ಆ ದೃಷ್ಟಿಯಿಂದ ನಿಮ್ಮ ಕೆಲಸ ನನ್ನದಕ್ಕಿಂತ ಸುಲಭ. ಚಹಾದಲ್ಲಿ ಏನಾಯಿತು ಎಂದರೆ, ಮೇಲೆ ಮೇಣದ ಕಣ್ಣುಗಳು ತೇಲಿದವು. ಅತಿಥಿಗೆ ಕೊಡುವಂತಿರಲಿಲ್ಲ. ಇಡ್ಲಿಯಲ್ಲಿ ಆ ತೊಂದರೆ ಬಾರದು, ಕರಗಿದ ಕೊಬ್ಬನ್ನು ರವೆ ಹೀರಿಕೊಳ್ಳುತ್ತದೆ.

ತೆಂಗಿನ ಸೀಮೆ · ಆಗಸ್ಟ್ 9

ಅರಸೀಕೆರೆಯಿಂದ. ಒಂದು ಆತಂಕ. ಈ ಗಟ್ಟಿ ಕೊಬ್ಬು ಎಂದರೆ ಡಾಲ್ಡಾ ಜಾತಿಯದೇ ಅಲ್ಲವೇ? ಮನೆಯಡುಗೆಯ ಹೆಸರಿನಲ್ಲಿ ಮಾರುವ ಮಿಕ್ಸ್‌ಗೆ ಅದನ್ನು ಸೇರಿಸುವುದು ಸರಿಯೇ? ಸೋಡಾ ಮತ್ತು ಹುಳಿಯನ್ನು ಚಿಕ್ಕ ಪೊಟ್ಟಣದಲ್ಲಿ ಬೇರೆಯಾಗಿಟ್ಟರೆ ಆಗದೇ?

ಹೇಮಾವತಿ ದಂಡೆ · ಆಗಸ್ಟ್ 9

ಕೇಳಲೇಬೇಕಾದ ಪ್ರಶ್ನೆ. ಎಣ್ಣೆಯನ್ನು ಭಾಗಶಃ ಹೈಡ್ರೋಜನೀಕರಿಸಿದಾಗ (ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡಿದಾಗ) ಟ್ರಾನ್ಸ್ ಕೊಬ್ಬು ಹುಟ್ಟುತ್ತದೆ, ಹೃದಯಕ್ಕೆ ಕೆಡುಕು ಅದು. ಪೂರ್ಣ ಹೈಡ್ರೋಜನೀಕರಿಸಿದ ಕೊಬ್ಬಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ತಾಳೆ ಎಣ್ಣೆಯಿಂದ ಬೇರ್ಪಡಿಸಿದ ಗಟ್ಟಿ ಭಾಗಕ್ಕೆ ಹೈಡ್ರೋಜನೀಕರಣವೇ ಬೇಕಿಲ್ಲ. ನಮ್ಮ ದೇಶದಲ್ಲಿ 2022ರ ಜನವರಿಯಿಂದ ಟ್ರಾನ್ಸ್ ಕೊಬ್ಬಿನ ಮಿತಿ ಶೇಕಡಾ 2. ಮಾರಾಟಗಾರರಿಂದ ಪ್ರಮಾಣಪತ್ರ ಬರೆಸಿಕೊಳ್ಳಿ, ಪ್ಯಾಕೆಟ್ ಮೇಲೆ ಕೊಬ್ಬಿನ ಹೆಸರನ್ನು ಮುಚ್ಚುಮರೆಯಿಲ್ಲದೆ ಮುದ್ರಿಸಿ. ಒಂದು ಕೆಜಿ ಮಿಕ್ಸ್‌ಗೆ ಸೇರುವ ಕೊಬ್ಬು 8 ಗ್ರಾಂ, ಒಗ್ಗರಣೆಯ ಎಣ್ಣೆಗಿಂತ ಕಡಿಮೆ.

ಬೇರೆ ಪೊಟ್ಟಣದ ಮಾತು ಅರ್ಧ ಸರಿ. ಸೋಡಾ, ಹುಳಿ ಎರಡೂ ಒಂದೇ ಪೊಟ್ಟಣದಲ್ಲಿದ್ದರೆ ಅಲ್ಲೇ ಕೂಡಿಕೊಳ್ಳುತ್ತವೆ. ಸೋಡಾ ಮಾತ್ರ ಬೇರೆ ಇರಬೇಕು. ಮತ್ತು ಇದಕ್ಕೆಲ್ಲ ಮೊದಲು, ರವೆಯನ್ನು ಇನ್ನೂ ಚೆನ್ನಾಗಿ ಹುರಿದು, ಮುಚ್ಚಿದ ಡಬ್ಬಿಯಲ್ಲಿ ಆರಿಸಿ, ಅಲ್ಯೂಮಿನಿಯಂ ಪದರವಿರುವ ಪ್ಯಾಕೆಟ್‌ಗೆ ತುಂಬಿ ನೋಡಿ. ಸಾದಾ ಪ್ಲಾಸ್ಟಿಕ್ ಹಾಳೆಯೊಳಗೆ ನೀರಾವಿ ನಿಧಾನವಾಗಿ ನುಸುಳುತ್ತಲೇ ಇರುತ್ತದೆ.

ಹಾನುಬಾಳು ಅಡುಗೆಮನೆ · ಅಕ್ಟೋಬರ್ 3

ಇಷ್ಟು ದಿನ ಬರೆಯದಿದ್ದುದಕ್ಕೆ ಕ್ಷಮಿಸಿ. ಬರೆಯಲು ಏನಾದರೂ ಕೈಯಲ್ಲಿ ಇರಲಿ ಎಂದು ಕಾಯುತ್ತಿದ್ದೆ.

ನಿಂಬೆ ಉಪ್ಪಿನ ಚೀಲ ನೋಡಿದೆ. ಮೊನೊಹೈಡ್ರೇಟ್ ಎಂದೇ ಇತ್ತು. ಎರಡು ವರ್ಷದಿಂದ ಆ ಅಕ್ಷರ ನಮ್ಮ ಕಣ್ಣ ಮುಂದೆಯೇ ಇತ್ತು! ಅಂದೇ ಬದಲಾಯಿಸಿದೆವು. ಬೆಂಗಳೂರಿನಿಂದ ಕೊಬ್ಬು ಹೊದಿಸಿದ ಹುಳಿಯ ಒಂದು ಕೆಜಿ ಮಾದರಿ ತರಿಸಿದೆವು, ಅರ್ಧಕ್ಕರ್ಧ ಕೊಬ್ಬು, ಕರಗುವ ಬಿಂದು 58 ಎಂದು ಬರೆದಿತ್ತು. ತಣ್ಣೀರಿನ ಪರೀಕ್ಷೆಯಲ್ಲಿ ಐದಾರು ಗುಳ್ಳೆ ಬಂದು ನಿಂತವು. ಬಿಸಿ ಮಾಡುತ್ತ ಹೋದಾಗ 57ಕ್ಕೆ ಕಾಳು ಮೆತ್ತಗಾಗಿ, 60ಕ್ಕೆ ಲೋಟ ಉಕ್ಕಿ ಹರಿಯಿತು. ನಾವು ನಾಲ್ವರೂ ಲೋಟದ ಸುತ್ತ ನಿಂತಿದ್ದೆವು.

ಮಳೆ ಇಳಿಯುತ್ತ ಬಂದಿದ್ದರಿಂದ ಪರೀಕ್ಷೆಗೆ ನಮ್ಮ ಬಚ್ಚಲುಮನೆಯನ್ನೇ ಆರಿಸಿಕೊಂಡೆವು. ಹಂಡೆ ಒಲೆ ದಿನಕ್ಕೆರಡು ಸಲ ಉರಿಯುತ್ತದೆ, ಗೋಡೆಯಿಂದ ನೀರು ಇಳಿಯುತ್ತಿರುತ್ತದೆ. ಗೂಟಕ್ಕೆ ಮೂರು ಬಗೆಯ ಪ್ಯಾಕೆಟ್‌ಗಳನ್ನು ಕಟ್ಟಿ ತೂಗುಹಾಕಿದೆವು. ಹಳೆಯ ಪ್ಲಾಸ್ಟಿಕ್‌ನಲ್ಲಿದ್ದ ಹಳೆಯ ಮಿಕ್ಸ್ ಆರನೇ ದಿನ ಉಬ್ಬಿತು. ಅದೇ ಪ್ಲಾಸ್ಟಿಕ್‌ನಲ್ಲಿ ಹೊದಿಸಿದ ಹುಳಿ ಹಾಕಿದ್ದು 24 ದಿನವಾದರೂ ಉಬ್ಬಲಿಲ್ಲ. ಮೂರನೆಯದು, ಚೆನ್ನಾಗಿ ಹುರಿದ ರವೆ, ನೀರಿಲ್ಲದ ಸಾದಾ ನಿಂಬೆ ಉಪ್ಪು, ಅಲ್ಯೂಮಿನಿಯಂ ಪದರದ ಪ್ಯಾಕೆಟ್. ಅದೂ ಉಬ್ಬಲಿಲ್ಲ. ಹಾಗಾಗಿ ಅಂಗಡಿಯ ಅರ್ಧ ಕೆಜಿ ಪ್ಯಾಕೆಟ್‌ಗಳಿಗೆ ಹೊಸ ಪ್ಯಾಕೆಟ್ ಒಂದೇ ಸಾಕು ಎಂದು ನಿರ್ಧರಿಸಿದ್ದೇವೆ. ಹೋಂಸ್ಟೇಯ 5 ಕೆಜಿ ಚೀಲದ ಕಥೆ ಬೇರೆ. ಅದನ್ನು ದಿನಾ ಬೆಳಿಗ್ಗೆ ಬಿಚ್ಚುತ್ತಾರೆ, ಒದ್ದೆ ಸೌಟು ಹಾಕುತ್ತಾರೆ. ಬಾಯಿ ಬಿಚ್ಚಿದ ಚೀಲಗಳನ್ನು ಹತ್ತು ದಿನ ಇಟ್ಟು ಇಡ್ಲಿ ಮಾಡಿ ಅಳೆದೆವು. ಸಾದಾ ಹುಳಿಯದ್ದು ಒಂದೂವರೆ ಸೆಂಟಿಮೀಟರ್ ದಪ್ಪ, ಹೊದಿಸಿದ್ದರದ್ದು ಮೂರಕ್ಕೆ ಸ್ವಲ್ಪ ಕಡಿಮೆ. ದೊಡ್ಡ ಚೀಲಕ್ಕೆ ಹೊದಿಸಿದ ಹುಳಿಯೇ ಸರಿ, ಬೆಲೆ ಹೆಚ್ಚಾದರೂ.

ಒಂದು ವಿಷಯ ನಿಮ್ಮ ಯಾರ ಮಾತಿನಲ್ಲೂ ಬಂದಿರಲಿಲ್ಲ. ಹೊದಿಸಿದ ಹುಳಿಯ ಮಿಕ್ಸ್‌ಗೆ ನೀರು ಹಾಕಿ ಕಲಸಿದಾಗ ಹಿಟ್ಟು ಕೆಂಪಡರಿತು. ಏನೋ ಕೆಟ್ಟಿತು ಎಂದು ಗಾಬರಿಯಾದೆ. ಆಮೇಲೆ ಹೊಳೆಯಿತು: ಹುಳಿ ಇನ್ನೂ ಬೀಗದೊಳಗಿದೆ, ಸೋಡಾ ಒಂದೇ ನೀರಿಗಿಳಿದಿದೆ, ಕ್ಷಾರಕ್ಕೆ ಅರಿಸಿನ ಕೆಂಪಾಗಿದೆ. ಓಕುಳಿಯ ನೀರಿಗೆ ಸುಣ್ಣ ಬಿದ್ದಾಗ ಆಗುವಂತೆ. ಹಬೆಯಲ್ಲಿ ಬೆಂದು ಹೊರಬಂದಾಗ ಇಡ್ಲಿ ಮತ್ತೆ ಹಳದಿ. ಈಗ ಅರಿಸಿನವೇ ನಮ್ಮ ಪರೀಕ್ಷಕ. ಚಿಕ್ಕ ಇಡ್ಲಿಗಳು ಒಳಗಿನ ತನಕ ಹಳದಿಯಾಗುತ್ತವೆ. ತಟ್ಟೆ ಇಡ್ಲಿಯ ನಡುಮಧ್ಯದಲ್ಲಿ ಮಾತ್ರ ಕೆಂಪು ಚುಕ್ಕೆಗಳು ಉಳಿಯುತ್ತಿವೆ, ಅಲ್ಲಿ ಸ್ವಲ್ಪ ಸಾಬೂನಿನ ರುಚಿಯೂ ಬರುತ್ತದೆ. ನಡುಭಾಗ ಬಿಸಿಯಾಗುವಷ್ಟರಲ್ಲಿ ಹಿಟ್ಟು ಕಟ್ಟಿಕೊಂಡು, ಕರಗಿದ ಹುಳಿ ಸೋಡಾದ ಜೊತೆ ಚೆನ್ನಾಗಿ ಬೆರೆಯುತ್ತಿಲ್ಲ ಎಂದು ನನ್ನ ಊಹೆ.

52 ಡಿಗ್ರಿಗೆ ಕರಗುವ, ಇನ್ನೂ ಸಣ್ಣ ಕಾಳಿನ ಮಾದರಿ ಕೇಳಿದ್ದೇನೆ. ಅದು ಬರುವ ತನಕ ಹೋಂಸ್ಟೇಗಳ ಚೀಲದ ಮೇಲೆ ‘ಚಿಕ್ಕ ಇಡ್ಲಿಗೆ ಮಾತ್ರ’ ಎಂದು ಚೀಟಿ ಅಂಟಿಸಿ ಕಳಿಸುತ್ತಿದ್ದೇವೆ. ಹಿಂದಕ್ಕೆ ಬಂದ ಆ 46 ಪ್ಯಾಕೆಟ್‌ಗಳ ಬದಲಿಗೆ ಹೊಸ 46 ಪ್ಯಾಕೆಟ್‌ಗಳನ್ನು ಮೊನ್ನೆ ಗುರುವಾರ ಅದೇ ಅಂಗಡಿಗೆ ಕೊಟ್ಟು ಬಂದೆವು.